ತೋಳ ಮನೆಗೆ ಬಂದ ಸಂಜೆ

ನಾಗಮಣಿಯವರ ತೋಳಕ್ಕೆ ಬ್ಯಾಂಕಿನಲ್ಲಿ ಕೆಲಸ. ಹೆಸರು ವಾಮನಮೂರ್ತಿ. ಬೆಳಿಗ್ಗೆ ಟೈ ಕಟ್ಟಿಕೊಂಡು ಹೋಗಿ, ಬಂದವರಿಗೆಲ್ಲ ನಯವಾಗಿ ನಾಳೆ ಬನ್ನಿ ಎಂದು ಹೇಳಿ, ಸಂಜೆ ಬೆಂಗಳೂರಿನ ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುವ ಸಾಧು ಮನುಷ್ಯ. ಹುಣ್ಣಿಮೆಯ ದಿನ ಮಾತ್ರ ಅವನಿಗೆ ಬಸ್ಸು ಹತ್ತಲಾಗುವುದಿಲ್ಲ. ಬೆನ್ನು ಬಾಗುತ್ತದೆ, ಉಗುರು ಬೆಳೆಯುತ್ತದೆ, ಹಲ್ಲು ಚೂಪಾಗುತ್ತದೆ; ನಾಲ್ಕು ಕಾಲಿನ ಮೇಲೆ ಫ್ಲೈಓವರ್ ಹತ್ತಿ ಓಡುತ್ತಾನೆ. ಸಂಜೆಯ ಹೊತ್ತು ವಾಹನಗಳು ಕದಲದೆ ನಿಲ್ಲುವ ಹೆಬ್ಬಾಳದ ಫ್ಲೈಓವರ್ ಮೇಲೆ ಓಡಿ ಹೋಗುವುದು ಇನ್ಯಾರಿಗೂ ಸಾಧ್ಯವಿಲ್ಲ ಎಂಬುದು ಬೇರೆ ಮಾತು.

ಇದು ನಾಗಮಣಿಯವರು ಬರೆಯುತ್ತಿದ್ದ ಕಾದಂಬರಿ. ಓದಿದವರಿಗೆ ಮೈ ಜುಮ್ಮೆನ್ನಬೇಕು ಎಂಬ ಆಸೆಯಿಂದ ಬರೆದದ್ದು. ಅದೂ ಗದ್ಯದಲ್ಲಲ್ಲ, ಪದ್ಯದಲ್ಲಿ. ಪದ್ಯವೆಂದರೆ ಮನಸ್ಸಿಗೆ ಬಂದಲ್ಲಿ ಸಾಲು ಮುರಿಯುವ ಪದ್ಯವಲ್ಲ, ಭಾಮಿನಿ ಷಟ್ಪದಿ. ಆರಾರು ಸಾಲು, ಸಾಲು ಸಾಲಿಗೂ ಪ್ರಾಸ, ಒಂದು ಮಾತ್ರೆ ಹೆಚ್ಚುಕಡಿಮೆಯಾದರೂ ನಾಲಗೆ ಎಡವಿ ಬೀಳುವ ಲೆಕ್ಕ. ದೇವರನ್ನೂ ರಾಜರನ್ನೂ ಹಾಡಲೆಂದು ಹಿರಿಯರು ದುಡಿಸಿಕೊಂಡ ಆ ಛಂದಸ್ಸಿನೊಳಗೆ ಈ ಹೆಂಗಸು ಒಬ್ಬ ಬ್ಯಾಂಕ್ ಗುಮಾಸ್ತನನ್ನೂ ಅವನ ಕೋರೆಹಲ್ಲನ್ನೂ ತುರುಕಿ ಕೂರಿಸಿದ್ದರು.

ಆಕೆಯನ್ನು ನೋಡಿದರೆ ಯಾರೂ ನಂಬುವಂತಿರಲಿಲ್ಲ. ಅಮೃತಹಳ್ಳಿಯಲ್ಲಿ ಮನೆ, ಹೆಬ್ಬಾಳದ ಕಡೆ ಒಂದು ನಾಯಿ ಬೆಕ್ಕುಗಳ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸ. ತಲೆತುಂಬ ಎಣ್ಣೆ, ಜಡೆಗೆ ಒಂದು ತುಂಡು ಮಲ್ಲಿಗೆ. ಹುಣ್ಣಿಮೆ ಬಂತೆಂದರೆ ಬಡಾವಣೆಯ ಗಮಕ ಬಳಗದಲ್ಲಿ ಹಾಡುವುದು. ಗಮಕವೆಂದರೆ ಒಬ್ಬರು ಹಳೆಯ ಕಾವ್ಯದ ಪದ್ಯಗಳನ್ನು ರಾಗವಾಗಿ ಹಾಡುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಹಾಡುವವರು ಅರ್ಥ ಹೇಳುವುದಿಲ್ಲ, ಅರ್ಥ ಹೇಳುವವರು ಹಾಡುವುದಿಲ್ಲ. ನಾಗಮಣಿಯವರ ಜೊತೆ ಬಹಳ ವರ್ಷಗಳಿಂದ ಅರ್ಥ ಹೇಳುತ್ತಿದ್ದವರು ತ್ರಿವಿಕ್ರಮ ಮೇಷ್ಟ್ರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಜುಬ್ಬದಷ್ಟೇ ಬಿಗಿಯಾದ ಮನುಷ್ಯ.

ತೋಳ ಹುಟ್ಟಿದ್ದು ಆಸ್ಪತ್ರೆಯ ಕೌಂಟರಿನಲ್ಲಿ. ಒಂದು ದಿನ ಟೈ ಕಟ್ಟಿದ ಒಬ್ಬ ಸಭ್ಯ ಗೃಹಸ್ಥರು ದೊಡ್ಡ ನಾಯಿಯೊಂದನ್ನು ಹಿಡಿದುಕೊಂಡು ಬಂದು ನಿಂತರು. ನಾಯಿಗೆ ಸೂಜಿಯ ಭಯ, ಅವರಿಗೆ ನಾಯಿಯ ಭಯ. ಚೀಟಿ ಬರೆಯುತ್ತ ತಲೆಯೆತ್ತಿದ ನಾಗಮಣಿಯವರಿಗೆ ಎರಡು ಮುಖಗಳೂ ಒಂದೇ ಥರ ಕಂಡವು. ಬಂದ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಮನೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಾಗ ಮೊದಲ ಪದ್ಯ ತಾನಾಗಿ ಬಂತು. ಇಳಿಯುವ ಸ್ಟಾಪು ತಪ್ಪಿಸಿಕೊಂಡು ಜಕ್ಕೂರಿನ ತನಕ ಹೋಗಿ ವಾಪಸ್ಸು ನಡೆದು ಬಂದರು. ಅಷ್ಟು ಖುಷಿಯಾಗಿತ್ತು.

ಆದರೆ ಮನೆಯಲ್ಲಿ ಹೇಳಲಿಲ್ಲ. ದೇವರ ಪದ್ಯ ಹಾಡುವ ಬಾಯಲ್ಲಿ ತೋಳ ಊಳಿಡುವುದೇ ಎಂದು ಜನ ಆಡಿಕೊಂಡು ನಕ್ಕಾರು ಎಂಬ ಅಳುಕು. ಸಂಜೆಯಾದರೆ ಒಣಗಿದ ಬಟ್ಟೆ ತರುವ ನೆಪದಲ್ಲಿ ಬಕೆಟ್ಟು ಹಿಡಿದು ತಾರಸಿಗೆ ಹೋಗುವುದು, ನೀರಿನ ಟ್ಯಾಂಕಿನ ಹಿಂದೆ ನಿಂತು ಮೆಲ್ಲಗೆ ಪದ್ಯ ಕಟ್ಟಿ ಹಾಡಿಕೊಳ್ಳುವುದು, ತಪ್ಪಿದ ಮಾತ್ರೆಯನ್ನು ಸರಿ ಮಾಡುವುದು. ಮಳೆ ಬಂದು ಬಟ್ಟೆಯೇ ಹಾಕದ ದಿನವೂ ಬಕೆಟ್ಟು ಹಿಡಿದು ಹೋಗುತ್ತಿದ್ದರು. ಕೆಳಗಿಳಿದು ಬಂದಾಗ ಗಂಡ ಶಿವರಾಮ್, ಬಟ್ಟೆ ಒಣಗಿದ್ವಾ ಎಂದು ಕೇಳುತ್ತಿದ್ದರು. ಹ್ಞೂಂ ಎಂದು ಖಾಲಿ ಬಕೆಟ್ಟನ್ನು ಮರೆ ಮಾಡಿಕೊಂಡು ಬಚ್ಚಲುಮನೆಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ ಎಂಬುದು ಅವರ ದೃಢವಾದ ನಂಬಿಕೆ.

ಶಿವರಾಮ್ ಅವರದು ಆರ್.ಟಿ. ನಗರದಲ್ಲಿ ಫ್ಯಾನು, ಮಿಕ್ಸಿ ರಿಪೇರಿಯ ಅಂಗಡಿ. ಮಾತು ಕಡಿಮೆ. ಅವರಿಗಿದ್ದ ಒಂದೇ ಹುಚ್ಚೆಂದರೆ ಬೀಗ. ಗೇಟಿಗೆ ಬೀಗ ಹಾಕಿ ಎಳೆದು ನೋಡುವುದು, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಳೆದು ನೋಡುವುದು. ಬೇರೆಯವರ ಮನೆಗೆ ಹೋದರೂ ಚಿಲಕ ಅಲ್ಲಾಡಿಸಿ ನೋಡದೆ ಕೂರುವವರಲ್ಲ. ಅವರ ತಾಯಿ ಅಕ್ಕಯ್ಯಮ್ಮ ಅಮೃತಹಳ್ಳಿಯು ಹಳ್ಳಿಯಾಗಿದ್ದ ಕಾಲದಲ್ಲೇ ಹುಟ್ಟಿದವರು. ನೀನು ಹುಟ್ಟಿದ ಮನೆಗೂ ಬೀಗ ಹಾಕಿದ್ಯೇನೋ ಎಂದು ಮಗನನ್ನು ಛೇಡಿಸುತ್ತಿದ್ದರು. ಹುಣ್ಣಿಮೆಯ ಗಮಕಕ್ಕೆ ಮುಂದಿನ ಸಾಲಿನ ಕುರ್ಚಿ ಅಕ್ಕಯ್ಯಮ್ಮನದು. ಕಾವ್ಯಕ್ಕೆ ಬರುತ್ತಿದ್ದರೋ ಕೊನೆಗೆ ಕೊಡುವ ಕಡಲೆಕಾಳಿನ ಉಸಲಿಗೆ ಬರುತ್ತಿದ್ದರೋ, ಅದನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪದ್ಯಗಳು ಬೆಳೆದು ಬೆಳೆದು ಸಂಧಿಗಳಾದವು. ವಾಮನಮೂರ್ತಿ ತೋಳವಾದ, ಹೆಬ್ಬಾಳದ ಕೆರೆಯ ಜೊಂಡಿನಲ್ಲಿ ಅಡಗಿದ, ಏರ್‌ಪೋರ್ಟ್ ರಸ್ತೆಯ ಕಾರುಗಳನ್ನು ಬೆದರಿಸಿದ. ಎಲ್ಲ ಸರಿ, ಕೊನೆಯ ಹುಣ್ಣಿಮೆಯಲ್ಲಿ ಅವನನ್ನು ಇನ್ನೆಂದೂ ತೋಳವಾಗದಂತೆ ಮನುಷ್ಯನನ್ನಾಗಿ ಮಾಡುವುದು ಹೇಗೆಂದು ಮಾತ್ರ ನಾಗಮಣಿಯವರಿಗೆ ಹೊಳೆಯಲಿಲ್ಲ. ಒಬ್ಬ ಸಾಧುವನ್ನು ಕರೆತಂದು ಮಂತ್ರ ಹಾಕಿಸಿದರು, ಸುಳ್ಳು ಅನ್ನಿಸಿತು. ಸಿನಿಮಾದವರ ಥರ ಬೆಳ್ಳಿಯ ಗುಂಡಿನಲ್ಲಿ ಹೊಡೆಸೋಣವೆಂದರೆ ಮನಸ್ಸು ಬರಲಿಲ್ಲ. ಪಾಪ, ತಿಂಗಳುಗಟ್ಟಲೆ ಅವನು ಕೆರೆಯ ದಂಡೆಯಲ್ಲಿ ತೋಳವಾಗಿಯೇ ಕೂತಿದ್ದ. ದಿನವೂ ಬಸ್ಸಿನಲ್ಲಿ ಕೆರೆ ದಾಟುವಾಗ ನಾಗಮಣಿಯವರು ಆ ಕಡೆ ನೋಡಲಾರದೆ ಮುಖ ತಿರುಗಿಸುತ್ತಿದ್ದರು.

ಕಾವ್ಯ ಮುಗಿಯದಿದ್ದರೇನು, ಆಸೆ ತಡೆಯಬೇಕಲ್ಲ. ಟ್ಯಾಂಕಿಗೆ ಹಾಡಿ ಹಾಡಿ ಸಾಕಾಗಿತ್ತು. ಒಂದೇ ಒಂದು ಸಲ, ಜನ ಕೂತ ಸಭೆಯಲ್ಲಿ, ಪಕ್ಕದಲ್ಲಿ ಮೇಷ್ಟ್ರು ಅರ್ಥ ಹೇಳುತ್ತಿರುವಾಗ ತನ್ನ ಪದ್ಯ ಹಾಡಬೇಕು. ಅದು ಕಾವ್ಯ ಹೌದೋ ಅಲ್ಲವೋ ಆಗ ಗೊತ್ತಾಗುತ್ತದೆ. ಅಲ್ಲವೆಂದಾದರೆ ಅಲ್ಲಿಗೇ ಬಿಟ್ಟುಬಿಡುವುದು, ಸಂಜೆ ಬಟ್ಟೆ ತರುವುದಕ್ಕಷ್ಟೇ ತಾರಸಿಗೆ ಹೋಗುವುದು. ಹಾಗೆಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ಮೇಷ್ಟ್ರ ಮನೆಗೆ ಹೋದರು.

ಮೇಷ್ಟ್ರು ಕೇಳಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಇಷ್ಟು ವರ್ಷ ಮಹಾಪುರುಷರಿಗೆ ಅರ್ಥ ಹೇಳಿದ ಬಾಯಿ ಇದು, ಟೈ ಕಟ್ಟಿದ ತೋಳಕ್ಕೆ ಏನೆಂದು ಹೇಳಲಿ ಎಂದು ಗೊಣಗಿದರು. ನಾಗಮಣಿಯವರು ಬಿಡಲಿಲ್ಲ.

"ಸರ್, ರಸ ಒಂಬತ್ತು, ಒಂದನ್ನ ಬಿಟ್ರೂ ಊಟ ಪೂರ್ತಿಯಾಗಲ್ಲ ಅಂತ ಪ್ರತಿ ಸಲ ನೀವೇ ಹೇಳ್ತೀರಿ. ಭಯಾನಕ ಅನ್ನೋ ರಸಾನ ನಮ್ಮ ಸಭೇಲಿ ಇವತ್ತಿನವರೆಗೂ ಯಾರೂ ಬಡಿಸಿಲ್ಲ."

ತಮ್ಮ ಮಾತಿಗೆ ತಾವೇ ಸಿಕ್ಕಿಬಿದ್ದ ಮೇಷ್ಟ್ರು ಎರಡು ಷರತ್ತು ಹಾಕಿ ಒಪ್ಪಿದರು. ಕವಿಯ ಹೆಸರು ಹೇಳುವಂತಿಲ್ಲ. ನಗೆಪಾಟಲಾದರೆ ಇಬ್ಬರಿಗೂ ಮುಖ ಉಳಿಯಲಿ. ಮತ್ತೆ, ಹಾಡುವುದು ಚಂದ್ರ ಹುಟ್ಟುವ ಮುಂಚಿನ ಕೆರೆಯ ವರ್ಣನೆಯವರೆಗೆ ಮಾತ್ರ, ಅಲ್ಲಿಂದ ಒಂದಕ್ಷರವೂ ಮುಂದೆ ಹೋಗಬಾರದು. ಯಾಕೆಂದರೆ ಬಳಗಕ್ಕೊಂದು ಕಟ್ಟಳೆಯಿತ್ತು. ಕಾವ್ಯವನ್ನು ಅಮಂಗಳದಲ್ಲಿ ನಿಲ್ಲಿಸಿ ಏಳುವಂತಿಲ್ಲ. ಸಾವಿನಲ್ಲಿ, ಶಾಪದಲ್ಲಿ, ಅಳುವಿನಲ್ಲಿ ಬಿಟ್ಟರೆ ಕೇಳಿದವರ ಮನೆಗೆ ಒಳ್ಳೆಯದಲ್ಲವೆಂದು ನಂಬಿಕೆ. ಎಷ್ಟು ಹೊತ್ತಾದರೂ ಸರಿ, ಒಂದು ಮಂಗಳದ ಪದ್ಯದವರೆಗೆ ಹಾಡಿಯೇ ಮುಗಿಸಬೇಕು.

ಆ ಹುಣ್ಣಿಮೆಯ ಸಂಜೆ ಬಡಾವಣೆಯ ಸಭಾಂಗಣ ತುಂಬಿತ್ತು. ಹೊಸ ಕಾವ್ಯವಂತೆ, ತೋಳದ ಕಥೆಯಂತೆ ಎಂದು ಬಳಗದ ಕಾರ್ಯದರ್ಶಿ ವಂದನಾ ವಾಟ್ಸಾಪಿನಲ್ಲಿ ಹಾಕಿದ್ದೇ ಸಾಕಾಗಿತ್ತು. ಎಂದೂ ಬರದ ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಅಕ್ಕಯ್ಯಮ್ಮ ತಮ್ಮ ಕುರ್ಚಿಯಲ್ಲಿ ಕಾಲು ಮಡಿಸಿ ಕೂತಿದ್ದರು. ಅಂಗಡಿ ಮುಚ್ಚಿ ನೇರವಾಗಿ ಬಂದ ಶಿವರಾಮ್ ಹೆಲ್ಮೆಟ್ಟು ಹಿಡಿದುಕೊಂಡು ಬಾಗಿಲ ಬಳಿ ನಿಂತಿದ್ದರು. ನಾಗಮಣಿಯವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ತಂಬೂರಿಯ ಶ್ರುತಿ ಕೇಳಿಸಿದ ಮೇಲೆ ಅದನ್ನು ಬಿಟ್ಟು ನೆಟ್ಟಗೆ ಕೂತರು.

ಹಾಡಿದರು. ಬ್ಯಾಂಕು ಬಂತು, ನಾಳೆ ಬನ್ನಿ ಬಂತು, ಸಭೆ ನಕ್ಕಿತು. ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಅರ್ಥ ಹೇಳಿದ ಮೇಷ್ಟ್ರಿಗೆ ನಗು ಕೇಳಿದ ಮೇಲೆ ಉಮೇದು ಬಂತು. ಹೆಬ್ಬಾಳದ ಬಸ್‌ಸ್ಟಾಪಿನ ನೂಕುನುಗ್ಗಲನ್ನು ಒಂದು ಮಹಾಯುದ್ಧದಂತೆ ವರ್ಣಿಸಿ ತಾವೂ ನಕ್ಕರು. ಕೆರೆಯ ವರ್ಣನೆಯೂ ಬಂತು, ಒಪ್ಪಂದದ ಗಡಿ ಮುಗಿಯಿತು. ನಾಗಮಣಿಯವರು ಕೈಮುಗಿಯಲು ಹೊರಟಿದ್ದರು. ಆಗ ಸಭೆಯಲ್ಲಿ ಯಾರೋ ಮೆಲ್ಲಗೆ, ಮುಂದೆ ಎಂದರು.

ಆ ಒಂದು ಮಾತನ್ನು ಕೇಳಬೇಕೆಂದು ಎಷ್ಟು ಸಂಜೆ ಟ್ಯಾಂಕಿನ ಹಿಂದೆ ನಿಂತಿದ್ದರೋ. ಕಿವಿಗೆ ಬಿದ್ದದ್ದೇ ತಡ, ಒಪ್ಪಂದ, ಕಟ್ಟಳೆ, ಮೇಷ್ಟ್ರ ಮುಖ ಎಲ್ಲ ಮರೆತುಹೋಯಿತು. ಕಣ್ಣು ಮುಚ್ಚಿ ಎತ್ತಿಕೊಂಡುಬಿಟ್ಟರು.

ಮುಗಿಲು ಸರಿಯಿತು ತಿಂಗಳೆದ್ದಿತು
ನಗರ ದೀಪದ ಮಾಲೆ ತೊಟ್ಟಿತು
ಹೆಗಲ ಮೇಲಿನ ಚೀಲ ಜಾರಿತು ಬಸ್ಸು ಕಾಯುತಿರೆ
ಉಗುರು ಬೆಳೆದುವು ಬೆನ್ನು ಬಾಗಿತು
ಮೊಗದ ತುಂಬಾ ರೋಮ ಮೂಡಿತು
ನಗುವ ಬಾಯಲಿ ಕೋರೆ ಮಿಂಚಿತು ಕೊರಳ ಟೈ ಹರಿದು

ಕೊನೆಯ ಅಕ್ಷರವನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎಳೆದು ನಿಲ್ಲಿಸಿದರು. ಅದು ಆಲಾಪನೆಯೋ ಊಳೋ ಹೇಳಲು ಬರುತ್ತಿರಲಿಲ್ಲ. ಆಗ ಹೊರಗೆ ಬೀದಿಯಲ್ಲಿದ್ದ ನಾಯಿಯೊಂದು ಕತ್ತೆತ್ತಿ ಊಳಿಟ್ಟಿತು. ಪಾರ್ಕಿನ ಕಡೆಯಿಂದ ಇನ್ನೊಂದು ಓಗೊಟ್ಟಿತು. ಅಮೃತಹಳ್ಳಿಯ ಅಷ್ಟೂ ನಾಯಿಗಳು ಶ್ರುತಿ ಹಿಡಿದ ಮೇಲೆ ಸಭೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತಲೇ ತೋಳಿನ ಮೇಲೆದ್ದ ರೋಮವನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು.

ಹೊತ್ತಾಗಿತ್ತು. ಇದಾದ ಮೇಲೆ ಸಭಾಂಗಣ ಸಿಗಬೇಕಿದ್ದ ಯೋಗದ ತರಗತಿಯವರು ಚಾಪೆ ಹಿಡಿದು ಹೊರಗೆ ಕಾಯುತ್ತಿದ್ದಾರೆಂದು ವಂದನಾ ಸನ್ನೆ ಮಾಡಿದರು. ನಾಗಮಣಿಯವರು ಕೈಮುಗಿದರು. ಮೇಷ್ಟ್ರು ಅಡ್ಡ ಕೈ ಚಾಚಿದರು.

"ಹೀಗೆ ಮುಗಿಸೋಕಾಗಲ್ಲ, ನಾಗಮಣಿಯವರೇ. ಒಬ್ಬ ಗೃಹಸ್ಥನ್ನ ತೋಳ ಮಾಡಿ ಬೀದೀಲಿ ಬಿಟ್ಟು ನಾವು ಉಸಲಿ ತಿನ್ನೋಕೆ ಹೋದ್ರೆ ಹೇಗೆ? ಅವನನ್ನ ಮನೆ ಮುಟ್ಟಿಸೋ ಪದ್ಯ ಹಾಡಿ, ಎದ್ದೇಳೋಣ."

ಸಭೆಯೂ ತಲೆಯಾಡಿಸಿತು. ಇಷ್ಟು ಜನರ ಮುಂದೆ ಸುಮ್ಮನೆ ಕೂತರೆ ಕಾವ್ಯವೂ ಹೋಯಿತು, ಅದು ಯಾರದೆಂಬ ಗುಟ್ಟೂ ಹೋಯಿತು. ನಾಗಮಣಿಯವರು ಮೈಕಿಗೆ ಕೈ ಅಡ್ಡ ಹಿಡಿದು ಮೇಷ್ಟ್ರ ಕಡೆ ಬಾಗಿದರು.

"ಸರ್, ಆ ಪದ್ಯ ಇನ್ನೂ ಹುಟ್ಟಿಲ್ಲ."

ಬೈಯುತ್ತಾರೆಂದು ನಾಗಮಣಿಯವರು ತಲೆ ತಗ್ಗಿಸಿದರು. ಮೇಷ್ಟ್ರು ಬೈಯಲಿಲ್ಲ. ಗಂಟಲು ಸರಿ ಮಾಡಿಕೊಂಡು ಸಭೆಯ ಕಡೆ ತಿರುಗಿ, ಮುಂದಿನ ಪದ್ಯ ಬಹಳ ಗಹನವಾದದ್ದು, ಅದಕ್ಕೊಂದು ಪೀಠಿಕೆ ಬೇಕು ಎಂದು ಶುರು ಮಾಡಿಬಿಟ್ಟರು. ಪದ್ಯ ಹಾಡುವ ಮೊದಲೇ ಅರ್ಥ ಹೇಳುವುದು ಅವರು ಜನ್ಮದಲ್ಲಿ ಮಾಡದ ಕೆಲಸ. ಮನೆಯೆಂದರೇನು, ದಾರಿಯೆಂದರೇನು, ದಾರಿ ತಪ್ಪಿದವನ ಕಷ್ಟವೇನು ಎಂದು ಎಳೆದರು, ಜಗ್ಗಿದರು, ತಮ್ಮ ಬಾಲ್ಯದಲ್ಲಿ ಯಶವಂತಪುರದ ಸಂತೆಯಲ್ಲಿ ತಾವೇ ಕಳೆದುಹೋದ ಕಥೆಯನ್ನೂ ಸೇರಿಸಿದರು. ನಡುನಡುವೆ ಓರೆಗಣ್ಣಿನಲ್ಲಿ, ಆಯಿತೇ ಎಂದು ನಾಗಮಣಿಯವರನ್ನು ನೋಡುತ್ತಿದ್ದರು.

ಆಗಿರಲಿಲ್ಲ. ತಲೆಯೊಳಗೆ ಮತ್ತೆ ಅದೇ ಸಾಧು, ಅದೇ ಬೆಳ್ಳಿಯ ಗುಂಡು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಕ್ಕಯ್ಯಮ್ಮನ ದನಿ ಎದ್ದಿತು. ಅವರಿಗೆ ಉಸಲಿ ತಣ್ಣಗಾಗುವ ಚಿಂತೆ.

"ಅಲ್ಲಾ ಮೇಷ್ಟ್ರೇ, ಆ ವಯ್ಯಂಗೆ ಎಂಡ್ತಿ ಇಲ್ವಾ? ಇಷ್ಟೊತ್ತಾದ್ರೂ ಬರ್ನಿಲ್ಲ ಅಂತ ಅವ್ಳಾದ್ರೂ ಕಾಯ್ತಾ ಇರ್ಬೇಕಲ್ಲ?"

ಸಭೆ ನಕ್ಕಿತು. ನಾಗಮಣಿಯವರು ನಗಲಿಲ್ಲ. ವಾಮನಮೂರ್ತಿಗೆ ಹೆಂಡತಿ ಇದ್ದಳು. ಅವಳಿಗೆ ಗೊತ್ತಾಗಬಾರದೆಂದೇ ಅವನು ಪ್ರತಿ ಹುಣ್ಣಿಮೆ ಕೆರೆಯಲ್ಲಿ ಅಡಗುತ್ತಿದ್ದದ್ದು. ಆದರೆ ಇಷ್ಟೊಂದು ಪದ್ಯ ಕಟ್ಟಿದವರು ಆ ಹೆಂಡತಿಯ ಬಾಯಲ್ಲಿ ಒಂದು ಮಾತೂ ಆಡಿಸಿರಲಿಲ್ಲ. ಅವಳಿಗೆ ಏನು ಗೊತ್ತಿತ್ತು ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಗಾಬರಿಯಲ್ಲಿ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಅಲ್ಲಿ ಶಿವರಾಮ್ ನಿಂತಲ್ಲೇ ಸುಮ್ಮನಿರಲಾರದೆ ಸಭಾಂಗಣದ ಬಾಗಿಲಿನ ಚಿಲಕವನ್ನು ಎಳೆದು ನೋಡುತ್ತಿದ್ದರು.

ನಾಗಮಣಿಯವರು ಆ ಚಿಲಕವನ್ನೇ ನೋಡುತ್ತ ಕೂತರು. ಗೇಟು ಎಳೆದು ನೋಡುವ, ಗ್ಯಾಸು ಎರಡೆರಡು ಸಲ ತಿರುಗಿಸಿ ನೋಡುವ ಮನುಷ್ಯ. ಮುಂಚೆಯೆಲ್ಲ ದೀಪ ಹಚ್ಚುವ ಹೊತ್ತಿಗೆ ತಾರಸಿಯ ಬಾಗಿಲಿಗೆ ಚಿಲಕ ಜಡಿದುಬಿಡುತ್ತಿದ್ದರು. ತೋಳ ಹುಟ್ಟಿದ ಮೇಲೆ, ತಾನು ಬಕೆಟ್ಟು ಹಿಡಿದು ಮೆಟ್ಟಿಲು ಹತ್ತಿದ ಒಂದು ಸಂಜೆಯೂ ಆ ಬಾಗಿಲಿಗೆ ಚಿಲಕ ಇರಲಿಲ್ಲ. ಇಳಿದು ಬಂದಾಗ ಸಾರು ತಣ್ಣಗಿರುತ್ತಿರಲಿಲ್ಲ. ಬಟ್ಟೆ ಒಣಗಿದ್ವಾ ಎಂದು ಕೇಳಿದವರು ಬಕೆಟ್ಟಿನ ಕಡೆ ನೋಡುತ್ತಲೇ ಇರಲಿಲ್ಲ. ಇವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ನಾಗಮಣಿಯವರಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಎರಡರ ನಡುವೆ ಒಂದು ಸಾಲು ಬಂತು.

ಬೀಗವಿಲ್ಲದ ಗೇಟು ಕಂಡಿತು, ಎಂದು ಹಾಡಿ ನಿಲ್ಲಿಸಿದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಆ ಒಂದೇ ಸಾಲನ್ನು ಹಿಡಿದುಕೊಂಡರು. ಈ ಕಾಲದಲ್ಲಿ ಬೆಂಗಳೂರಿನಲ್ಲಿ ಬೀಗ ಹಾಕದ ಗೇಟು ಎಲ್ಲಿಯಾದರೂ ಉಂಟೇ, ಅದನ್ನು ಯಾರು ಬಿಟ್ಟಿದ್ದಾರು, ಯಾರಿಗಾಗಿ ಬಿಟ್ಟಿದ್ದಾರು ಎಂದು ಹಿಂಜಿ ಹಿಂಜಿ ಹೇಳಿದರು. ಅವರು ಹೇಳುವಷ್ಟರಲ್ಲಿ ಎರಡನೆಯ ಸಾಲು ಸಿದ್ಧವಾಯಿತು. ಅವರು ಅದನ್ನು ಹಿಂಜುವಷ್ಟರಲ್ಲಿ ಮೂರನೆಯದು. ಹೀಗೆ ಒಬ್ಬರು ನೂಲು ಕೊಟ್ಟು ಒಬ್ಬರು ಹೊಸೆದು ಆರನೆಯ ಸಾಲಿಗೆ ಬಂದರು. ಆಮೇಲೆ ನಾಗಮಣಿಯವರು ರಾಗ ಬದಲಿಸಿ, ಮಂಗಳಕ್ಕೆ ಹಾಡುವ ಮಧ್ಯಮಾವತಿಯಲ್ಲಿ ಪದ್ಯವನ್ನು ಪೂರ್ತಿಯಾಗಿ ಹಾಡಿದರು.

ಬೀಗವಿಲ್ಲದ ಗೇಟು ಕಂಡಿತು
ಹೋಗಿ ನಿಂತನು ಹೊಸಿಲ ಬಳಿಯಲಿ
ಕೂಗಲಾರದೆ ಬಾಲ ಮುದುರುತ ಕಣ್ಣ ತಗ್ಗಿಸಿದ
ಆಗಲೊಳಗಿನ ದನಿಯು ಬಂದಿತು
ಬೇಗ ಬನ್ನಿರಿ ಸಾರು ಬಿಸಿಯಿದೆ
ನೀಗಿ ತೋಳದ ರೂಪ ನಿಂದನು ಮನುಜ ಮನೆಯೊಳಗೆ

ಮುಂದಿನ ಸಾಲಿನಲ್ಲಿ ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಚಪ್ಪಾಳೆ ಬಿದ್ದಾಗ ಚಾಪೆ ಹಿಡಿದ ಯೋಗದವರೂ ಒಳಗೆ ಬಂದು ತಟ್ಟಿದರು. ಮೇಷ್ಟ್ರು ಈ ಪದ್ಯಕ್ಕೆ ಅರ್ಥ ಹೇಳಲಿಲ್ಲ. ಎದ್ದು ನಿಂತು, ತಮ್ಮ ಷರತ್ತನ್ನು ತಾವೇ ಮುರಿದು, ಕವಿ ಇಲ್ಲೇ ಕೂತಿದ್ದಾರೆ, ನನ್ನ ಎಡಗಡೆಗೆ, ಎಂದರು. ಮುಂದಿನ ಹುಣ್ಣಿಮೆಯಿಂದ ಮೊದಲ ಸಂಧಿಯಿಂದಲೇ ಹಾಡಬೇಕು, ಅರ್ಥ ಹೇಳುವವನು ನಾನೇ, ಬೇರೆ ಯಾರೂ ಆ ಆಸೆ ಇಟ್ಟುಕೊಳ್ಳಬೇಡಿ ಎಂದೂ ಸೇರಿಸಿದರು. ನಾಗಮಣಿಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕೈಗೆ ಕೊಟ್ಟ ಉಸಲಿಯ ದೊನ್ನೆಯನ್ನು ಹಿಡಿದುಕೊಂಡೇ ನಿಂತರು, ತಿನ್ನಲು ನೆನಪಾಗಲಿಲ್ಲ. ಅದನ್ನು ಅಕ್ಕಯ್ಯಮ್ಮ ತಿಂದರು.

ಮನೆಗೆ ಬಂದ ಮೇಲೆ ಅತ್ತೆ ಕಾಲು ತೊಳೆಯಲು ಹೋದರು. ಶಿವರಾಮ್ ಗೇಟಿಗೆ ಬೀಗ ಹಾಕಿ ಎಳೆದು ನೋಡಿ, ತಿರುಗಿ ಬಂದು ಮತ್ತೆ ಎಳೆದು ನೋಡಿ ಒಳಗೆ ಬಂದರು. ನಾಗಮಣಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಯಾವಾಗಿಂದ ಗೊತ್ತಿತ್ತು ರೀ ನಿಮಗೆ?"

"ನನಗೊಬ್ಬನಿಗಾ? ನೀನು ಮೇಲೆ ಹೋದ ತಕ್ಷಣ ಪಕ್ಕದ ಮನೆ ನಸೀಮಾ ಅವರು ಹೊಲಿಗೆ ಮಿಷನ್ ನಿಲ್ಲಿಸ್ತಾರೆ ಕಣೇ. ತೋಳ ಇನ್ನೂ ಕೆರೇಲೇ ಇದಾನಾ ಅಂತ ಹೋದ ವಾರ ನನ್ನನ್ನ ಕೇಳಿದ್ರು."

ನಾಗಮಣಿಯವರು ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ಎಷ್ಟು ನಕ್ಕರೆಂದರೆ ಬಚ್ಚಲಿನಿಂದ ಅಕ್ಕಯ್ಯಮ್ಮ, ಏನಾಯ್ತು ಎಂದು ಕೂಗಬೇಕಾಯಿತು. ಶಿವರಾಮ್ ಒಲೆಯ ಕಡೆ ತಿರುಗಿ ಸಾರು ಬಿಸಿಗಿಟ್ಟರು.

ಸಾರು ಬಿಸಿಯಾಗುವ ತನಕ ನಾಗಮಣಿಯವರಿಗೆ ನಿಲ್ಲಲಾಗಲಿಲ್ಲ. ಮನೆಗೆ ಬಂದ ವಾಮನಮೂರ್ತಿ ಹೆಂಡತಿಗೆ ಏನೆಂದು ಹೇಳಿದ ಎಂಬ ಪದ್ಯ ಆಗಲೇ ತಲೆಯೊಳಗೆ ತಾಳ ಹಾಕುತ್ತಿತ್ತು. ಅಭ್ಯಾಸಬಲದಿಂದ ಬಕೆಟ್ಟು ಕೈಗೆತ್ತಿಕೊಂಡರು. ಆ ದಿನ ಬಟ್ಟೆ ಒಗೆದೇ ಇರಲಿಲ್ಲ.

"ಬಟ್ಟೆ ತಗೊಂಡ್ ಬರ್ತೀನಿ," ಎಂದರು.

"ನಿಧಾನವಾಗಿ ಬಾ," ಎಂದರು ಶಿವರಾಮ್.

ನಾಗಮಣಿಯವರು ಮೆಟ್ಟಿಲು ಹತ್ತಿ ತಾರಸಿಯ ಬಾಗಿಲನ್ನು ತಳ್ಳಿದರು. ಅದು ತೆರೆದುಕೊಂಡಿತು. ಪಕ್ಕದ ಮನೆಯ ಹೊಲಿಗೆ ಮಿಷನ್ ನಿಂತಿತು.